ನಮ್ಮ ಕಾರಿಗೆ ಯಾವ ಗೇರು ಪೆಟ್ಟಿಗೆ?

ರಾಯಚೂರಿನ ಕೋಟೆಯನ್ನು ನೋಡಲು ಬಂದವರು ಒಳಕೋಟೆಯ ಪಶ್ಚಿಮದ ಗೋಡೆಯಲ್ಲಿ ಕೂರಿಸಿರುವ ಬೃಹತ್ ಶಿಲೆಯೊಂದನ್ನು ಕಂಡು ಬೆರಗಾಗದೆ ಹೋಗುವುದಿಲ್ಲ. ಅದರ ಉದ್ದ ಸುಮಾರು 41 ಅಡಿ. ಕೋಟೆಯನ್ನು 1294ರಲ್ಲಿ ಕಟ್ಟಿಸಿದ ಸಂಗತಿಯನ್ನು ತಿಳಿಸುವ ತೆಲುಗು ಶಾಸನ ಅದರ ಮೇಲಿದೆ. ಆದರೆ ಭೌತಶಾಸ್ತ್ರವನ್ನು ಬೋಧಿಸುವ ನಮ್ಮ ಕಣ್ಣನ್ನು ಸೆಳೆದುದು ಶಾಸನವಲ್ಲ. ಅದೇ ಗೋಡೆಯ ಮೇಲೆ ಗೀರಿರುವ ಒಂದು ರೇಖಾಚಿತ್ರ. ಆ ಬಂಡೆಯನ್ನು ಗಟ್ಟಿ ಗಾಲಿಗಳ ಬಂಡಿಯ ಮೇಲೆ ಹೇರಿದ್ದಾರೆ. ಕೋಣಗಳ ಉದ್ದನೆಯ ಸಾಲೊಂದು ಅದನ್ನು ಎಳೆಯುತ್ತಿದೆ. ಹಿಂದಿನಿಂದ ಆಳುಗಳು ಮರದ ಸನ್ನೆಗೋಲುಗಳನ್ನು ಗಾಲಿಗೆ ಕೊಟ್ಟು ಮೀಟುತ್ತಿದ್ದಾರೆ.

ಕೋಣಗಳ ಬಲ ಸಾಲದಾದಾಗ ಸನ್ನೆಗೋಲು ಏಕೆ ಬೇಕಾಯಿತು? ಸನ್ನೆಗೋಲು ಹೊಸ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಕೋಲಿನ ಈ ತುದಿಯನ್ನು ಒಂದು ಮೊಳ ಒತ್ತಿದರೆ ಆ ತುದಿ ಒಂದೆರಡು ಬೆರಳಿನಷ್ಟು ಮಾತ್ರ ಏಳುವುದು. ಆದರೆ ಏಳುವಾಗ ಅಷ್ಟರಮಟ್ಟಿಗೆ ಹೆಚ್ಚು ಬಲದಿಂದ ಏಳುವುದು. ದೂರವನ್ನು ಕೊಟ್ಟು ಬಲವನ್ನು ಕೊಳ್ಳುವ ವ್ಯಾಪಾರ ಇದು. ಕಾರಿನ ಗೇರು ಪೆಟ್ಟಿಗೆಯೊಳಗೆ ನಡೆಯುವುದೂ ಇದೇ ವ್ಯಾಪಾರ. ಹಲ್ಲುಚಕ್ರದ ಒಂದೊಂದು ಹಲ್ಲೂ ಒಂದು ಗಿಡ್ಡ ಸನ್ನೆಗೋಲು. ಒಂದು ಮೀಟಿ ಮುಗಿಸುವಷ್ಟರಲ್ಲಿ ಮತ್ತೊಂದು ಬಂದು ಮೀಟುವುದು. ಏಳು ಶತಮಾನಗಳ ಹಿಂದೆ ಆ ಆಳುಗಳು ಕೈಯಿಂದ ಮಾಡಿದುದನ್ನು ಹಲ್ಲುಚಕ್ರಗಳು ಬಿಡುವಿಲ್ಲದೆ ಮಾಡುತ್ತಿವೆ, ಅಷ್ಟೆ.

ಈ ಪೀಠಿಕೆಗೆ ಕಾರಣವಿದೆ. ದೇವದುರ್ಗ ಮತ್ತು ಮಾನ್ವಿಯ ಕಡೆಯಿಂದ ನಮ್ಮಲ್ಲಿಗೆ ಓದಲು ಬರುವ ವಿದ್ಯಾರ್ಥಿಗಳು, ಅವರಿಗಿಂತ ಹೆಚ್ಚಾಗಿ ಅವರ ತಂದೆಯವರು, ಹತ್ತಿಯೋ ಭತ್ತವೋ ಮಾರಾಟವಾದ ಮೇಲೆ ಎರಡು ಪ್ರಶ್ನೆಗಳನ್ನು ಕೇಳುವುದುಂಟು. ಕೊಳ್ಳಲಿರುವ ಕಾರು ಕೈಗೇರಿನದಾಗಿರಬೇಕೋ, ತಾನೇ ಗೇರು ಬದಲಿಸುವುದಾಗಿರಬೇಕೋ ಎಂಬುದು ಮೊದಲನೆಯದು. ಇರುವ ಕಾರಿನ ಶಕ್ತಿಯನ್ನು ಹೆಚ್ಚಿಸಲು ಏನು ಹಾಕಿಸಬೇಕು ಎಂಬುದು ಎರಡನೆಯದು. ಎರಡಕ್ಕೂ ಉತ್ತರ ಒಂದೇ ಲೆಕ್ಕದಲ್ಲಿ ಅಡಗಿದೆ. ವಾಚಕರು ಗಣಿತಕ್ಕೆ ಅಂಜಬೇಕಾಗಿಲ್ಲ. ಗುಣಾಕಾರ ಭಾಗಾಕಾರ ಬಲ್ಲವರಿಗೆ ಇದು ಸಾಕು.

ಗೇರು ಏಕೆ ಬೇಕು?

ಪೆಟ್ರೋಲು ಎಂಜಿನ್ನಿಗೆ ಒಂದು ಸ್ವಭಾವದೋಷವುಂಟು. ಅದು ನಿಂತಲ್ಲಿಂದ ತಳ್ಳಲಾರದು. ನಿಮಿಷಕ್ಕೆ ಏಳೆಂಟು ನೂರು ಸುತ್ತುಗಳಿಗಿಂತ ಕೆಳಗೆ ಇಳಿದರೆ ಉಸಿರು ಕಟ್ಟಿ ನಿಲ್ಲುವುದು; ಕೆಲವು ಸಾವಿರ ಸುತ್ತುಗಳಲ್ಲಿ ಮಾತ್ರ ತನ್ನ ಪೂರ್ಣಬಲವನ್ನು ತೋರುವುದು. ಆದರೆ ಕಾರು ನಿಂತಲ್ಲಿಂದಲೇ ಹೊರಡಬೇಕು, ಏರನ್ನು ಹತ್ತಬೇಕು, ಬಯಲಿನಲ್ಲಿ ಓಡಬೇಕು. ಎಂಜಿನ್ನಿನ ಸ್ವಭಾವಕ್ಕೂ ರಸ್ತೆಯ ಬೇಡಿಕೆಗೂ ನಡುವೆ ರಾಜಿ ಮಾಡಿಸುವ ಪಂಚನೇ ಗೇರು ಪೆಟ್ಟಿಗೆ.

ಲೆಕ್ಕಕ್ಕೆಂದು ಒಂದು ಸಣ್ಣ ಕಾರನ್ನು ಕಲ್ಪಿಸಿಕೊಳ್ಳೋಣ. ಜನರೂ ಸಾಮಾನೂ ಸೇರಿ ಅದರ ತೂಕ 1200 ಕಿಲೋಗ್ರಾಂ. ಎಂಜಿನ್ನಿನ ತಿರುಗುಬಲ, ಎಂದರೆ ದಂಡವನ್ನು ತಿರುಗಿಸುವ ಕಸುವು, 100 ನ್ಯೂಟನ್ ಮೀಟರು. ಗಾಲಿಯ ತ್ರಿಜ್ಯ 28 ಸೆಂಟಿಮೀಟರು. ಗೇರುಗಳ ಪ್ರಮಾಣ ಮೊದಲನೆಯದರಲ್ಲಿ 3.5, ಮೂರನೆಯದರಲ್ಲಿ 1.3, ನಾಲ್ಕನೆಯದರಲ್ಲಿ 0.95, ಐದನೆಯದರಲ್ಲಿ 0.75. ಇವೆಲ್ಲಕ್ಕೂ ಕೊನೆಯ ಹಲ್ಲುಚಕ್ರದ ಜೋಡಿ 4.2ರ ಗುಣಕವನ್ನು ಕೊಡುವುದು. ಈಚಿನ ಸಣ್ಣ ಕಾರುಗಳ ಅಂಕಿಗಳು ಸರಿಸುಮಾರು ಹೀಗೆಯೇ ಇರುತ್ತವೆ.

ಮೊದಲನೆಯ ಗೇರಿನಲ್ಲಿ ಒಟ್ಟು ಪ್ರಮಾಣ 3.5 ಗುಣಿಸು 4.2, ಎಂದರೆ 14.7. ಗಾಲಿಗೆ ಸಿಕ್ಕುವ ತಿರುಗುಬಲ 1470 ನ್ಯೂಟನ್ ಮೀಟರು. ಅದನ್ನು 0.28 ಮೀಟರಿನಿಂದ ಭಾಗಿಸಿದರೆ ಕಾರನ್ನು ಮುಂದಕ್ಕೆ ನೂಕುವ ಬಲ 5250 ನ್ಯೂಟನ್. ಐದನೆಯ ಗೇರಿನಲ್ಲಿ ಇದೇ ಲೆಕ್ಕ ಮಾಡಿದರೆ ಬರುವುದು 1125 ನ್ಯೂಟನ್ ಮಾತ್ರ. ಘರ್ಷಣೆಯಿಂದ ಆಗುವ ನಷ್ಟವನ್ನು ಇಲ್ಲಿ ಬಿಟ್ಟಿದ್ದೇವೆ. ಬಲ ಇಷ್ಟು ಕಡಿಮೆಯಾದುದಕ್ಕೆ ಪ್ರತಿಫಲವೇನು? ವೇಗ. ಎಂಜಿನ್ನು ನಿಮಿಷಕ್ಕೆ 2000 ಸುತ್ತು ತಿರುಗುವಾಗ ಮೊದಲನೆಯ ಗೇರಿನಲ್ಲಿ ಕಾರು ಗಂಟೆಗೆ ಸುಮಾರು 14 ಕಿಲೋಮೀಟರು ಹೋದರೆ, ಐದನೆಯದರಲ್ಲಿ ಸುಮಾರು 67 ಕಿಲೋಮೀಟರು ಹೋಗುವುದು. ಗೋಡೆಯ ಚಿತ್ರದಲ್ಲಿರುವ ಸನ್ನೆಗೋಲಿನ ವ್ಯಾಪಾರವೇ ಇದು.

ಈಗ ಈ ಕಾರು ಧರ್ಮಸ್ಥಳಕ್ಕೆಂದು ಹೊರಟು ಪಶ್ಚಿಮ ಘಟ್ಟದ ಏರನ್ನು ಕಂಡಿತೆಂದು ಇಟ್ಟುಕೊಳ್ಳೋಣ. ಹತ್ತು ಅಡಿಗೆ ಒಂದು ಅಡಿ ಏರುವ ರಸ್ತೆಯಲ್ಲಿ ತೂಕವೇ ಸುಮಾರು 1180 ನ್ಯೂಟನ್ ಬಲದಿಂದ ಕಾರನ್ನು ಹಿಂದಕ್ಕೆ ಎಳೆಯುವುದು. ಗಾಲಿಗಳ ಉರುಳುವಿಕೆಯ ಅಡ್ಡಿ ಇನ್ನೊಂದು 175. ಒಟ್ಟು 1355 ನ್ಯೂಟನ್. ಐದನೆಯ ಗೇರಿನ 1125 ಇಲ್ಲಿ ಸಾಲದು. ನಾಲ್ಕನೆಯದು ಕೊಡುವ 1425 ಹೇಗೋ ಹತ್ತಿಸೀತು. ಗಾಳಿಯ ಅಡ್ಡಿ ಸೇರಿದರೆ ಅದೂ ಕಷ್ಟ. ಮೂರನೆಯದು ಕೊಡುವ 1950ರಲ್ಲಿ ಕಾರು ನಿರಾಯಾಸವಾಗಿ ಏರುವುದು. ಇಳಿಯುವಾಗಲೂ ಇದೇ ಕೆಳಗಿನ ಗೇರನ್ನು ಹಾಕಿದರೆ ಎಂಜಿನ್ನೇ ಕಾರನ್ನು ತಡೆದು ಬ್ರೇಕುಗಳ ಭಾರವನ್ನು ಇಳಿಸುವುದು.

ಪೆಟ್ಟಿಗೆಯ ಬಗೆಗಳು

ಕೈಗೇರಿನ ಪೆಟ್ಟಿಗೆ ಎಲ್ಲರಿಗೂ ಪರಿಚಿತ. ಅಂಬಾಸಡರ್ ಮತ್ತು ಪದ್ಮಿನಿ ಕಾರುಗಳಲ್ಲಿ ಸ್ಟಿಯರಿಂಗಿನ ಕಂಬಕ್ಕೇ ಗೇರಿನ ಕೋಲಿದ್ದುದನ್ನು ಹಿರಿಯ ವಾಚಕರು ನೆನೆಯಬಹುದು. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳನ್ನು ಜೋಡಿಸುವ ಮೊದಲು ಅವುಗಳ ವೇಗವನ್ನು ಸಮಮಾಡುವ ಉಪಾಯವನ್ನು ಕ್ಯಾಡಿಲಾಕ್ ಕಾರು 1928ರಲ್ಲಿ ತಂದಿತು. ಅಂದಿನಿಂದ ಹಲ್ಲು ಕಡಿಯುವ ಸದ್ದು ಕಡಿಮೆಯಾಯಿತು. ಈ ಪೆಟ್ಟಿಗೆಯಲ್ಲಿ ನಷ್ಟ ಅಲ್ಪ, ಬೆಲೆ ಕಡಿಮೆ; ರಿಪೇರಿ ಬಲ್ಲವರು ತಾಲ್ಲೂಕು ಊರುಗಳಲ್ಲೂ ಸಿಕ್ಕುವರು. ದುಡಿಯಬೇಕಾದುದು ನಮ್ಮ ಎಡಗಾಲು ಮಾತ್ರ.

ಆ ಎಡಗಾಲಿನ ಕೆಲಸವನ್ನೂ ಗೇರು ಬದಲಿಸುವ ಕೈಯ ಕೆಲಸವನ್ನೂ ಯಂತ್ರಕ್ಕೆ ಒಪ್ಪಿಸಿದರೆ ಎರಡನೆಯ ಬಗೆ, ಎಎಂಟಿ. ನಮ್ಮ ದೇಶದ ಸಾಮಾನ್ಯ ಬೆಲೆಯ ಕಾರುಗಳಿಗೆ ಇದು 2014ರಲ್ಲಿ ಮಾರುತಿ ಸೆಲೆರಿಯೋ ಮೂಲಕ ಬಂದಿತು. ಒಳಗಿರುವುದು ಹಳೆಯ ಕೈಗೇರಿನ ಪೆಟ್ಟಿಗೆಯೇ ಆದುದರಿಂದ ಇಂಧನದ ಖರ್ಚು ಹೆಚ್ಚುವುದಿಲ್ಲ. ಗೇರು ಬದಲಾಗುವಾಗ ಒಂದು ಕ್ಷಣ ಎಳೆತ ನಿಂತು ಕುಳಿತವರ ತಲೆ ಮುಂದಕ್ಕೆ ಬಾಗುವುದು. ಇದರ ದೋಷ ಅಷ್ಟೇ. ಕ್ಲಚ್ಚು ಇಲ್ಲಿಯೂ ಇದೆ, ಸವೆಯುವುದೂ ಉಂಟು ಎಂಬುದನ್ನು ಮರೆಯಲಾಗದು.

ಮೂರನೆಯದು ದ್ರವದ ಜೋಡಣೆಯುಳ್ಳ ಸ್ವಯಂಚಾಲಿತ ಪೆಟ್ಟಿಗೆ. 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಿಂದ ಈ ವರ್ಗ ಜನಪ್ರಿಯವಾಯಿತು. ಎರಡು ಬೀಸಣಿಗೆಗಳನ್ನು ಎದುರುಬದುರಾಗಿಟ್ಟು ಒಂದನ್ನು ಓಡಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುವಂತೆ, ಇಲ್ಲಿ ಎಣ್ಣೆಯ ಪ್ರವಾಹ ಎಂಜಿನ್ನಿನ ಬಲವನ್ನು ಗಾಲಿಯ ಕಡೆಗೆ ಒಯ್ಯುವುದು. ಈಗಿನ ಟಾರ್ಕ್ ಕನ್ವರ್ಟರು ಹೊರಡುವ ಕ್ಷಣದಲ್ಲಿ ತಿರುಗುಬಲವನ್ನು ಸುಮಾರು ಎರಡು ಪಟ್ಟು ಮಾಡಲೂ ಬಲ್ಲದು. ನಡೆ ಬಹಳ ಮೃದು, ಬಾಳಿಕೆ ಹೆಚ್ಚು. ಆದರೆ ಎಣ್ಣೆಯ ಜಾರಿಕೆಯಲ್ಲಿ ಸ್ವಲ್ಪ ಶಕ್ತಿ ಶಾಖವಾಗಿ ಕಳೆಯುವುದು, ಬೆಲೆಯೂ ಅಧಿಕ.

ನಾಲ್ಕನೆಯದಾದ ಸಿವಿಟಿಯಲ್ಲಿ ಗೇರಿನ ಹಂತಗಳೇ ಇಲ್ಲ. ಅಗಲವಾಗಿಯೂ ಕಿರಿದಾಗಿಯೂ ಆಗಬಲ್ಲ ಎರಡು ರಾಟೆಗಳ ನಡುವೆ ಒಂದು ಪಟ್ಟಿ ಓಡುವುದು. ಪ್ರಮಾಣ ಏಣಿಯಂತೆ ಏರದೆ ಇಳಿಜಾರಿನಂತೆ ಬದಲಾಗುವುದು. ಡಚ್ಚರ ಡಾಫ್ ಕಾರು ಇದನ್ನು 1958ರಲ್ಲಿ ರಬ್ಬರಿನ ಪಟ್ಟಿಯೊಡನೆ ತಂದಿತು. ಈಗ ಉಕ್ಕಿನ ಪಟ್ಟಿ ಬಂದಿದೆ. ಊರೊಳಗೆ ಇದರಷ್ಟು ನಯವಾದುದು ಬೇರೊಂದಿಲ್ಲ. ಐದನೆಯದು ಎರಡು ಕ್ಲಚ್ಚುಗಳ ಪೆಟ್ಟಿಗೆ, ಡಿಸಿಟಿ. ಒಂದು ಕ್ಲಚ್ಚು ಬೆಸಸಂಖ್ಯೆಯ ಗೇರುಗಳನ್ನು, ಇನ್ನೊಂದು ಸಮಸಂಖ್ಯೆಯವನ್ನು ನೋಡಿಕೊಳ್ಳುವುದು. ಮುಂದಿನ ಗೇರು ಸದಾ ಸಿದ್ಧ. ಫೋಕ್ಸ್‌ವ್ಯಾಗನ್ ಇದನ್ನು 2003ರಲ್ಲಿ ಮಾರುಕಟ್ಟೆಯ ಕಾರಿಗೆ ಅಳವಡಿಸಿತು. ಬಹಳ ಚುರುಕು, ಆದರೆ ಎಣ್ಣೆಯಿಲ್ಲದ ಒಣ ಕ್ಲಚ್ಚಿನ ಬಗೆ ತೆವಳುವ ಸಂದಣಿಯಲ್ಲಿ ಬೇಗ ಕಾಯುವುದು.

ವಿದ್ಯುತ್ ಕಾರಿಗೆ ಈ ಗೊಡವೆ ಇಲ್ಲ. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ತನ್ನ ಪೂರ್ಣ ತಿರುಗುಬಲವನ್ನು ಕೊಡಬಲ್ಲುದು. ಆದುದರಿಂದ ವೇಗ ತಗ್ಗಿಸುವ ಒಂದೇ ಹಲ್ಲುಚಕ್ರದ ವ್ಯವಸ್ಥೆ ಸಾಕು. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರು ಇದನ್ನು ನಮ್ಮ ರಾಜ್ಯದ ರಸ್ತೆಗಳಲ್ಲಿ ತೋರಿಸಿಕೊಟ್ಟಿತು.

ಯಾರಿಗೆ ಯಾವುದು?

ಯಾವುದು ಮೇಲು ಎಂಬ ಪ್ರಶ್ನೆಗೆ ಉತ್ತರ ಪೆಟ್ಟಿಗೆಯೊಳಗಿಲ್ಲ, ನಾವು ದಿನವೂ ಓಡಾಡುವ ದಾರಿಯಲ್ಲಿದೆ. ರಾಯಚೂರು ನಗರದೊಳಗೆ ತೀನ್ ಕಂದಿಲ್ ವೃತ್ತದ ಸುತ್ತ, ಸುಗ್ಗಿಯ ಕಾಲದಲ್ಲಿ ರಾಜೇಂದ್ರ ಗಂಜಿನ ಬಳಿ ಆಟೋ, ಬಂಡಿ, ಟ್ರ್ಯಾಕ್ಟರುಗಳ ನಡುವೆ ಒಂದು ಫರ್ಲಾಂಗು ಸಾಗಲು ಹತ್ತಾರು ಸಲ ಕ್ಲಚ್ಚನ್ನು ಒತ್ತಬೇಕಾಗುವುದು. ದಿನವೂ ಅಲ್ಲಿಯೇ ಓಡಾಡುವವರಿಗೆ, ಮಂಡಿನೋವಿನ ಹಿರಿಯರಿಗೆ, ಹೊಸದಾಗಿ ಕಲಿಯುವವರಿಗೆ ಸ್ವಯಂಚಾಲಿತವೇ ಲೇಸು. ಹಣ ಮಿತವಾಗಿದ್ದರೆ ಎಎಂಟಿ, ಹೆಚ್ಚಾಗಿದ್ದರೆ ಸಿವಿಟಿ ಅಥವಾ ಟಾರ್ಕ್ ಕನ್ವರ್ಟರು.

ಗಬ್ಬೂರಿನ ಮೇಲೆ ದೇವದುರ್ಗಕ್ಕೆ, ಕಲ್ಲೂರಿನ ಮೇಲೆ ಮಾನ್ವಿಗೆ ಹೋಗಿಬರುವವರ ಸಂಗತಿ ಬೇರೆ. ಕೃಷ್ಣೆ ತುಂಗಭದ್ರೆಗಳ ನಡುವಣ ಈ ಬಯಲಿನಲ್ಲಿ ಮೇಲಿನ ಗೇರಿಗೆ ಹಾಕಿದ ಮೇಲೆ ಮೈಲಿಗಟ್ಟಲೆ ಅದನ್ನು ಮುಟ್ಟುವ ಪ್ರಸಂಗವೇ ಬಾರದು. ಎಂದೋ ಒಮ್ಮೆ ಬೇಕಾಗುವ ಸೌಕರ್ಯಕ್ಕೆ ಅಧಿಕ ಹಣ ತೆರಬೇಕೆ ಎಂದು ಅವರು ಯೋಚಿಸಬೇಕು. ಹೊಲದ ದಾರಿಯ ಕೆಸರಿನಲ್ಲಿ ಸಿಕ್ಕಿಕೊಂಡಾಗ ಎಷ್ಟು ಬಲ ಕೊಡಬೇಕೆಂಬುದನ್ನು ಸ್ವಂತ ಕಾಲಿನಿಂದ ನಿರ್ಧರಿಸುವ ಅನುಕೂಲ ಕೈಗೇರಿಗುಂಟು. ಕೆಟ್ಟಾಗ ಎಲ್ಲಿ ರಿಪೇರಿಯಾದೀತು ಎಂಬುದನ್ನೂ ಕೊಳ್ಳುವ ಮೊದಲೇ ಕೇಳಿ ತಿಳಿಯಬೇಕು. ಬೆಲೆಬಾಳುವ ಪೆಟ್ಟಿಗೆ ದೂರದ ನಗರಕ್ಕೆ ಲಾರಿಯ ಮೇಲೆ ಹೋಗಬೇಕಾದರೆ ಅದರ ಚುರುಕಿನಿಂದ ಬಂದ ಪ್ರಯೋಜನವೇನು?

ಶಕ್ತಿವರ್ಧನೆಯ ಭ್ರಮೆ

ಎರಡನೆಯ ಪ್ರಶ್ನೆಗೆ ಬರೋಣ. ನಮ್ಮ ಕಲ್ಪನೆಯ ಕಾರು ಬಯಲು ರಸ್ತೆಯಲ್ಲಿ ಗಂಟೆಗೆ 80 ಕಿಲೋಮೀಟರು ಓಡುತ್ತಿದೆ. ಉರುಳುವಿಕೆಯ ಅಡ್ಡಿ 175 ನ್ಯೂಟನ್, ಗಾಳಿಯ ಅಡ್ಡಿ ಸುಮಾರು 200; ಒಟ್ಟು 375. ಸೆಕೆಂಡಿಗೆ 22.2 ಮೀಟರಿನ ವೇಗದಿಂದ ಗುಣಿಸಿದರೆ ಬೇಕಾಗುವ ಸಾಮರ್ಥ್ಯ 8.3 ಕಿಲೋವಾಟ್, ಎಂದರೆ ಸುಮಾರು 11 ಅಶ್ವಸಾಮರ್ಥ್ಯ. ಎಂಜಿನ್ನಿನಲ್ಲಿರುವುದೋ 80 ಅಶ್ವಸಾಮರ್ಥ್ಯ! ಲಾಯದಲ್ಲಿ ಅರುವತ್ತೊಂಬತ್ತು ಕುದುರೆಗಳು ಮೇವು ಮೆಲ್ಲುತ್ತ ನಿಂತಿರುವಾಗ ಇನ್ನೆಂಟು ಕುದುರೆಗಳನ್ನು ಸಾಲ ಮಾಡಿ ತರುವುದೇಕೆ?

ಲಾರಿಯನ್ನು ದಾಟಲು ಶಕ್ತಿ ಬೇಡವೆ ಎಂದು ಕೇಳಬಹುದು. ಬೇಕು, ಆದರೆ ಅದು ಎಡಗೈಯ ಕೆಳಗೇ ಇದೆ. ಐದನೆಯ ಗೇರಿನಲ್ಲಿ 67ರ ವೇಗದಲ್ಲಿರುವಾಗ ಮೂರನೆಯದಕ್ಕೆ ಇಳಿಸಿದರೆ ನೂಕುಬಲ 1.7 ಪಟ್ಟಾಗುವುದು. ಬಿಡಿಗಾಸಿನ ಖರ್ಚಿಲ್ಲದೆ ಬಲ ಶೇಕಡಾ 70ರಷ್ಟು ಹೆಚ್ಚಿಸುವ ಸುಧಾರಣೆ ಬೇರೆ ಯಾವುದಿದೆ? ಎಂಜಿನ್ನಿನ ಗಣಕವನ್ನು ಬದಲಿಸುವುದು, ಸದ್ದಿನ ಹೊಗೆಕೊಳವೆ, ಗಾಳಿಯ ಹೊಸ ಜರಡಿ ಇವೆಲ್ಲ ಸಾಮಾನ್ಯ ಸಣ್ಣ ಎಂಜಿನ್ನಿಗೆ ಕೊಡುವ ಲಾಭ ಅತ್ಯಲ್ಪ. ಕಂಪನಿಯ ಖಾತರಿಯನ್ನು ಕಳೆಯುವ ಸಂಭವ ಮಾತ್ರ ಹೆಚ್ಚು. ನೋಂದಣಿಯಲ್ಲಿ ಬರೆದಿರುವುದಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ ನಿಷೇಧಿಸಿದೆ.

ದೊಡ್ಡ ಗಾಲಿಗಳ ವಿಷಯದಲ್ಲಿ ನಾವೇ ಮೋಸಹೋದೆವೆಂದು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಹಳೆಯ ಕಾರನ್ನು ಕೊಂಡು, ಅಂದಕ್ಕೆ ಮಾರುಹೋಗಿ, 28ರ ಬದಲು 30 ಸೆಂಟಿಮೀಟರು ತ್ರಿಜ್ಯದ ಗಾಲಿಗಳನ್ನು ಹಾಕಿಸಿದೆವು. ಹಣ ಉಳಿಸಲೆಂದು ಟೈರುಗಳನ್ನು ಮಾತ್ರ ಬಳಸಿದವನ್ನೇ ಕೊಂಡೆವು. ಗಾಲಿಯೂ ಒಂದು ಗೇರು, ಎಲ್ಲಕ್ಕೂ ಕೊನೆಯ ಗೇರು, ಎಂಬುದನ್ನು ತರಗತಿಯಲ್ಲಿ ಹೇಳುವ ನಾವು ಅಂಗಡಿಯಲ್ಲಿ ಮರೆತೆವು. ತ್ರಿಜ್ಯ ಹೆಚ್ಚಿದಷ್ಟೂ ನೂಕುಬಲ ಶೇಕಡಾ 7ರಷ್ಟು ತಗ್ಗಿತು. ಬ್ರೇಕಿನ ಹಿಡಿತವೂ ಅಷ್ಟೇ ತಗ್ಗಿತು. ವೇಗಮಾಪಕದ ಮುಳ್ಳು ಹಿಂದಿಗಿಂತ ಕಡಿಮೆ ತೋರತೊಡಗಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಯಿತು.

ಕಲ್ಲೂರಿನ ದಾರಿಯಲ್ಲಿ

ಭತ್ತದ ಕೊಯ್ಲಿನ ದಿನಗಳು. ಮಾನ್ವಿಯಿಂದ ರಾತ್ರಿ ಮರಳುತ್ತಿದ್ದೆವು. ಹಿಂದಿನ ಆಸನದಲ್ಲಿ ಮಕ್ಕಳು ನಿದ್ರಿಸುತ್ತಿದ್ದರು. ಮುಳ್ಳು 47ನ್ನು ತೋರುತ್ತಿತ್ತು. ದೊಡ್ಡ ಗಾಲಿಗಳ ಲೆಕ್ಕ ಹಿಡಿದರೆ ನಿಜವಾದ ವೇಗ 50. ಗದ್ದೆಯಿಂದ ಬಂದ ಟ್ರ್ಯಾಕ್ಟರುಗಳ ಗಾಲಿಗೆ ಮೆತ್ತಿದ ಎರೆಯ ಹಸಿಕೆಸರು ರಸ್ತೆಯ ಮೇಲೆ ಹಾಸಿಬಿದ್ದಿತ್ತು. ಕಲ್ಲೂರು ಸಮೀಪಿಸುವಾಗ ತಗ್ಗಿಸಿದ ದೀಪದ ಬೆಳಕಿನ ಅಂಚಿನಲ್ಲಿ, ಹಿಂಬದಿಗೆ ದೀಪವಿಲ್ಲದೆ ನಿಂತಿದ್ದ ಹುಲ್ಲಿನ ಟ್ರಾಲಿಯೊಂದು ಕಂಡಿತು. ಬ್ರೇಕು ಒತ್ತಿದೆವು. ಕಾರು ನಿಲ್ಲದೆ ಜಾರಿತು. ಕೊನೆಗೆ ನಿಂತಾಗ ಟ್ರಾಲಿಯಿಂದ ಇಳಿಬಿದ್ದ ಹುಲ್ಲು ಮುಂದಿನ ಗಾಜನ್ನು ಸವರುತ್ತಿತ್ತು.

ಮನೆಗೆ ಬಂದು ಲೆಕ್ಕ ಹಾಕಿದೆವು. ಕಂಡ ಮೇಲೆ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆಯುವುದೆಂದು ಹಿಡಿದರೆ 14 ಮೀಟರು. ಅನಂತರ ನಿಲ್ಲುವ ದೂರ, ವೇಗದ ವರ್ಗವನ್ನು ಹಿಡಿತದ ಗುಣಾಂಕ ಮತ್ತು ಗುರುತ್ವದ ಗುಣಲಬ್ಧದ ಇಮ್ಮಡಿಯಿಂದ ಭಾಗಿಸಿದಷ್ಟು. ಒಣರಸ್ತೆಯಲ್ಲಿ ಗುಣಾಂಕ ಸುಮಾರು 0.8, ಜಾರುವ ಕೆಸರಿನಲ್ಲಿ 0.3 ಎಂದುಕೊಂಡರೆ ಆ ದೂರ 33 ಮೀಟರು. ಒಟ್ಟು 47. ತಗ್ಗಿಸಿದ ದೀಪ ಸ್ಪಷ್ಟವಾಗಿ ತೋರುವುದು ಸುಮಾರು 50 ಮೀಟರು. ನಾವು ಉಳಿದುದು ಮೂರು ಮೀಟರಿನಿಂದ. ಅಂದು 60ರ ವೇಗವಿದ್ದಿದ್ದರೆ ಟ್ರಾಲಿಯನ್ನು ಮುಟ್ಟುವ ಹೊತ್ತಿಗೆ ಇನ್ನೂ 33 ಕಿಲೋಮೀಟರು ವೇಗ ಉಳಿದಿರುತ್ತಿತ್ತು. ಈ ಸಮೀಕರಣದಲ್ಲಿ ಎಂಜಿನ್ನಿನ ಅಶ್ವಸಾಮರ್ಥ್ಯಕ್ಕೆ ಎಲ್ಲಿಯೂ ಸ್ಥಾನವಿಲ್ಲ. ಇರುವುದು ವೇಗ ಮತ್ತು ಹಿಡಿತ, ಎರಡೇ.

ಹಣ ಸಾರ್ಥಕವಾಗುವ ಸುಧಾರಣೆಗಳು

ಮೊದಲನೆಯದು ಟೈರು. ಕಂಪನಿ ಹೇಳಿದ ಅಳತೆಯ ಒಳ್ಳೆಯ ಟೈರುಗಳನ್ನು ಹಾಕಿಸಬೇಕು. ತುಳಿಪಟ್ಟಿಯ ಗಾಡಿಗಳು ನೀರನ್ನು ಹೊರಹಾಕಿ ರಬ್ಬರನ್ನು ರಸ್ತೆಗೆ ಮುಟ್ಟಿಸುವುವು. ಅವುಗಳ ಆಳ 1.6 ಮಿಲಿಮೀಟರಿಗೆ ಇಳಿಯುವವರೆಗೆ ಕಾಯದೆ ಬದಲಿಸುವುದು ವಿವೇಕ. ನಮ್ಮ ಸೀಮೆಯಲ್ಲಿ ಬೇಸಗೆಯ ಶಾಖ 40 ಡಿಗ್ರಿಯನ್ನು ದಾಟುವುದರಿಂದ, ಟೈರು ಸಿಡಿಯದಿರಲೆಂದು ಗಾಳಿಯನ್ನು ಕಡಿಮೆ ಹಾಕಿಸುವ ವಾಡಿಕೆಯುಂಟು. ಇದು ತಪ್ಪು. 30 ಡಿಗ್ರಿಯಲ್ಲಿ 33 ಪೌಂಡು ತುಂಬಿದ ಟೈರು 60 ಡಿಗ್ರಿಗೆ ಕಾದರೆ ಅನಿಲನಿಯಮದಂತೆ ಒತ್ತಡ 38ರ ಸಮೀಪಕ್ಕೆ ಏರುವುದು. ಇಂತಹ ಏರಿಕೆಯನ್ನು ಎಣಿಸಿಯೇ ಟೈರನ್ನು ರಚಿಸಿರುತ್ತಾರೆ. ಆದರೆ ಗಾಳಿ ಕಡಿಮೆಯಾದ ಟೈರಿನ ಪಕ್ಕಗಳು ಪ್ರತಿ ಸುತ್ತಿಗೂ ಹೆಚ್ಚು ಬಾಗಿ, ಒಳಗೇ ಕಾದು, ಸಿಡಿಯುವ ಸಂಭವ ಹೆಚ್ಚು. ಬೆಳಿಗ್ಗೆ, ಟೈರು ತಣ್ಣಗಿರುವಾಗ, ಹೇಳಿದಷ್ಟೇ ಗಾಳಿ ತುಂಬಿಸಬೇಕು.

ಎರಡನೆಯದು ಬ್ರೇಕು. ನಮ್ಮ ಕಾರನ್ನು 80ರ ವೇಗದಿಂದ ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖ 30 ಡಿಗ್ರಿಯ ಒಂದು ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುವುದು. ಹೊಸದಿದ್ದಾಗ 230 ಡಿಗ್ರಿಯವರೆಗೆ ಕುದಿಯದ ಡಾಟ್ 4 ದ್ರವ ತೇವ ಹೀರಿದ ಮೇಲೆ 155 ಡಿಗ್ರಿಯ ಸುಮಾರಿಗೇ ಕುದಿಯಬಹುದು. ಕುದಿದರೆ ಆವಿಯ ಗುಳ್ಳೆಗಳಾಗಿ ಪೆಡಲು ಮೆತ್ತಗಾಗುವುದು. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವ ಖರ್ಚು ಒಂದು ಜೊತೆ ಚಪ್ಪಲಿಯ ಖರ್ಚಿಗಿಂತ ಬಹಳ ಹೆಚ್ಚೇನೂ ಅಲ್ಲ. ಮೂರನೆಯದು ದೀಪ: ಗಾಜನ್ನು ಉಜ್ಜಿಸಿ, ದೀಪದ ಮುಖವನ್ನು ಸರಿಯಾದ ಕೋನಕ್ಕೆ ಹೊಂದಿಸಬೇಕು. ಎದುರಿನವರ ಕಣ್ಣು ಕುಕ್ಕುವ ದೀಪ ನಮ್ಮ ದಾರಿಯನ್ನು ತೋರುವುದಲ್ಲ, ಅವರ ದಾರಿಯನ್ನು ಮುಚ್ಚುವುದು. ನಾಲ್ಕನೆಯದು ಎಂಜಿನ್ನಿನ ಎಣ್ಣೆ, ತಂಪುನೀರು ಮತ್ತು ಸ್ವಯಂಚಾಲಿತ ಪೆಟ್ಟಿಗೆಯಿದ್ದರೆ ಅದರ ಎಣ್ಣೆ. ನಮ್ಮ ಬಿಸಿಲಿನಲ್ಲಿ ಇವುಗಳ ಅವಧಿಯನ್ನು ಮೀರಗೊಡಬಾರದು.

ದೊಡ್ಡ ಗಾಲಿಗಳನ್ನು ತೆಗೆಸಿ ಹಳೆಯ ಅಳತೆಯ ಹೊಸ ಟೈರುಗಳನ್ನು ಹಾಕಿಸಿದ ಮೇಲೆ ನಮ್ಮ ಕಾರಿನ ಅಂದ ಕುಂದಿತೆಂದು ಮಿತ್ರರು ನಕ್ಕರು. ನಕ್ಕರೆ ನಗಲಿ. ಕೋಟೆಯ ಗೋಡೆಯ ಆ ಚಿತ್ರವನ್ನು ಮೊನ್ನೆ ವಿದ್ಯಾರ್ಥಿಗಳೊಡನೆ ಮತ್ತೆ ನೋಡಿದೆವು. ಕೋಣಗಳ ಸಾಲು ಎಷ್ಟು ಉದ್ದವಾಗಿದ್ದರೂ ಬಂಡೆಯನ್ನು ಸುರಕ್ಷಿತವಾಗಿ ಮುಟ್ಟಿಸಿದ ಗೌರವದಲ್ಲಿ ಗಾಲಿಯ ಬಳಿ ನಿಂತ ಆಳುಗಳಿಗೂ ಪಾಲಿದೆ. ಕಾರಿಗೆ ಹಣ ಹಾಕುವವರು ಮೊದಲು ನೋಡಬೇಕಾದ ಜಾಗವೂ ಅದೇ: ಗಾಲಿ ನೆಲವನ್ನು ಮುಟ್ಟುವ ಅಂಗೈಯಗಲದ ಆ ಜಾಗ.